ಕೌದಿಯ ಅಂದವೂ ಅನುಪಾತವೂ

ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ ಕೈಯಿಂದ ಹೊಲಿದ ಹೊದಿಕೆಗೆ ಉತ್ತರ ಕರ್ನಾಟಕದಲ್ಲಿ ಕೌದಿ ಎಂದು ಹೆಸರು. ನಮ್ಮ ಮುಂಬಯಿಯ ಮರಾಠಿ ಗೆಳೆಯರು ಇಂತಹುದನ್ನೇ ಗೋಧಡಿ ಎನ್ನುತ್ತಾರೆ. ಚಿಂದಿಯಿಂದಾದ ವಸ್ತುವಿನಲ್ಲಿ ಕಲೆಯೆಲ್ಲಿಯದು ಎಂದು ಮೂಗು ಮುರಿಯುವವರುಂಟು. ಬಟ್ಟೆಯ ಬೆಲೆಯಿಂದ ಕೌದಿಯ ಬೆಲೆಯನ್ನು ಕಟ್ಟುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅದರ ಸೊಬಗು ಭಾಗಕ್ಕೂ ಭಾಗಕ್ಕೂ, ಭಾಗಕ್ಕೂ ಇಡಿಗೂ ಇರುವ ಅಳತೆಯ ಸಂಬಂಧದಲ್ಲಿ, ಎಂದರೆ ಅನುಪಾತದಲ್ಲಿ ಅಡಗಿದೆ.

ವಿದ್ಯಾರ್ಥಿಮಿತ್ರರೇ, ಲೆಕ್ಕ ಹಾಕಿ ನೋಡಿರಿ. 6 ಅಡಿ ಉದ್ದ, 4 ಅಡಿ ಅಗಲದ ಕೌದಿಯ ವಿಸ್ತೀರ್ಣ 24 ಚದರಡಿ. ಸುತ್ತಲೂ ಅರ್ಧ ಅಡಿಯ ಅಂಚನ್ನಿಟ್ಟರೆ ನಡುಭಾಗಕ್ಕೆ 15, ಅಂಚಿಗೆ 9 ಚದರಡಿ, ಅನುಪಾತ 5:3. ನಡುಭಾಗ ಮೆರೆಯುತ್ತದೆ, ಅಂಚು ಅದನ್ನು ಕಾಯುತ್ತದೆ. ಅಂಚನ್ನು 1 ಅಡಿಗೆ ಹಿಗ್ಗಿಸಿದರೆ ನಡುಭಾಗಕ್ಕೆ ಉಳಿಯುವುದು 8. ಅಂಚಿಗೆ ಹೋಗುವುದು 16. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು!

ಕೂಸಿಗೆಂದು 3 ಅಡಿ ಉದ್ದ, 2 ಅಡಿ ಅಗಲದ ಕೌದಿಯನ್ನು ಹೊಲಿಯುವಾಗಲೂ ಅರ್ಧ ಅಡಿಯ ಅಂಚನ್ನೇ ಇಟ್ಟರೆ, 6 ಚದರಡಿಯಲ್ಲಿ ನಡುಭಾಗಕ್ಕೆ ದಕ್ಕುವುದು 2 ಮಾತ್ರ. ಅಂಚನ್ನು 3 ಅಂಗುಲಕ್ಕೆ ಇಳಿಸಿದೊಡನೆ 5:3 ಮರಳಿ ಬರುತ್ತದೆ. ಅಳತೆ ಬದಲಾದರೂ ಅನುಪಾತ ಉಳಿಯಬೇಕೆಂಬ ಪಾಠವಿದು.

ಅನುಪಾತವೆಂದರೆ ಎಲ್ಲವೂ ಸಮನಾಗಿರಬೇಕೆಂದಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಕಡೆ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಸ್ತ್ರೀಯರ ಕೌದಿಗಳಲ್ಲಿ ತುಂಡುಗಳು ಒಂದರಂತೆ ಒಂದಿರುವುದಿಲ್ಲ. ಆದರೂ ಹೊಲಿಗೆಯ ಸಾಲುಗಳು ಅಂಚಿನಿಂದ ಹೊರಟು ಸುತ್ತುತ್ತ ನಡುವನ್ನು ಸೇರಿ ಎಲ್ಲವನ್ನೂ ಒಂದಾಗಿಸುತ್ತವೆ. ಕೊನೆಗೆ ಮೂಲೆಗಳಲ್ಲಿ ‘ಫೂಲ’ ಎಂಬ, ಮಡಿಸಿದ ಬಟ್ಟೆಯ ಪುಟ್ಟ ಹೂಗಳು ಬಂದು ಕೂಡುತ್ತವೆ. ಅವು ಪುಟ್ಟವಾಗಿರುವುದರಿಂದಲೇ ಅಷ್ಟು ದೊಡ್ಡ ಹೊದಿಕೆಗೆ ಒಪ್ಪುತ್ತವೆ.

ಯಂತ್ರದ ಹೊದಿಕೆಗಳು ಸುಲಭವಾಗಿ ದೊರೆಯುವ ಈ ಕಾಲದಲ್ಲಿ ಕೌದಿಯಿಲ್ಲದೆಯೂ ಚಳಿ ಕಳೆದೀತು. ಆದರೆ ಕೈಯ ವಿದ್ಯೆಯನ್ನು ಒಂದು ತಲೆಮಾರು ಕಲಿಯದೆ ಬಿಟ್ಟರೆ ಮುಂದಿನದಕ್ಕೆ ಕಲಿಸುವವರೇ ಇರುವುದಿಲ್ಲ. ಆದುದರಿಂದ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಕೌದಿಯನ್ನು ಅಡಿಪಟ್ಟಿಯಿಂದ ಅಳೆದು, ಅಂಚಿನ ಅಗಲವನ್ನು ಹೇಗೆ ಗೊತ್ತುಮಾಡಿದಿರೆಂದು ಅವರನ್ನೇ ಕೇಳಿರಿ. ಗಣಿತದ ತರಗತಿಯಲ್ಲಿ ಆ ಲೆಕ್ಕಕ್ಕೂ, ಚಿತ್ರಕಲೆಯ ತರಗತಿಯಲ್ಲಿ ಆ ವಿನ್ಯಾಸಕ್ಕೂ ಸ್ಥಾನವಿರಲಿ.