ಬಾಟಲಿ ಹಾವಿಗೆ ಮಾರ್ಕು, ಗದ್ದೆ ಹಾವಿಗೆ?

ಬಿ.ಎಸ್ಸಿ. ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ ಹೇಗಿರುತ್ತೆ ಅಂತ ನಮ್ಮ ಹುಡುಗರನ್ನು ಕೇಳಿ ನೋಡಿ. ಮೇಜಿನ ಮೇಲೆ ಸಾಲಾಗಿ ಬಾಟಲಿಗಳು. ಒಳಗೆ ವರ್ಷಗಟ್ಟಲೆ ಫಾರ್ಮಲಿನ್‌ನಲ್ಲಿ ನೆನೆದು ಬಣ್ಣಗೆಟ್ಟ ಹಾವು, ಕಪ್ಪೆ, ಜಿಗಣೆ. ಒಂದೊಂದರ ಮುಂದೂ ಕೆಲವೇ ನಿಮಿಷ ನಿಂತು ಹೆಸರು, ವರ್ಗ, ಲಕ್ಷಣ ಬರೆಯಬೇಕು. ಇದಕ್ಕೆ ಸ್ಪಾಟರ್ ಎನ್ನುತ್ತಾರೆ. ಜಾಣರು ಪ್ರಾಣಿಯನ್ನು ನೋಡೋದೇ ಇಲ್ಲ, ಬಾಟಲಿ ನೋಡುತ್ತಾರೆ. ಮುಚ್ಚಳ ಒಡೆದದ್ದಾದರೆ ಕಟ್ಟುಹಾವು, ಲೇಬಲ್ ಹರಿದದ್ದಾದರೆ ಮಂಡಲದ ಹಾವು!

ರೆಕಾರ್ಡ್ ಪುಸ್ತಕದ ಕಥೆಯೂ ಅಷ್ಟೆ. ಹಿಂದಿನ ವರ್ಷದವರದ್ದನ್ನು ನೋಡಿ ಇವರು ಬರೆದರು, ಇವರದ್ದನ್ನು ನೋಡಿ ಮುಂದಿನವರು ಬರೆಯುತ್ತಾರೆ.

ಇದರಿಂದ ಯಾರಿಗೇನು ನಷ್ಟ ಅನ್ನಬೇಡಿ. ಇದೇ ಪದವೀಧರ ನಾಳೆ ಬಿ.ಎಡ್. ಮಾಡಿ ಹಳ್ಳಿ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರಾಗುತ್ತಾನೆ. ಕಟ್ಟುಹಾವಿನ ಬೆನ್ನಿನ ನಡುಸಾಲಿನ ಪೊರೆಗಳು ದೊಡ್ಡವು, ಆರು ಮೂಲೆಯವು. ಅದರಂತೆಯೇ ಪಟ್ಟೆಯಿರುವ ವಿಷವಿಲ್ಲದ ಹಾವಿಗೆ ಹಾಗಿಲ್ಲ. ಅದು ಕಚ್ಚಿದರೆ ನೋವು, ಬಾವು ಹೆಚ್ಚಾಗಿ ಕಾಣದೆಯೂ ಪ್ರಾಣ ಹೋಗಬಹುದು. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಶಿವಮೊಗ್ಗ ಜಿಲ್ಲೆಯ ಗದ್ದೆ ತೋಟಗಳಲ್ಲಿ ದುಡಿಯುವವರ ಮಕ್ಕಳಿಗೆ ಈ ಮಾತು ಹೇಳಬೇಕಾದ ಮೇಷ್ಟ್ರಿಗೆ ಗೊತ್ತಿರುವುದು ಒಡೆದ ಮುಚ್ಚಳ ಮಾತ್ರ.

2014ರಲ್ಲಿ ಯು.ಜಿ.ಸಿ. ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಿತು. ಒಳ್ಳೆಯದೇ ಆಯಿತು. ಆದರೆ ಆ ಜಾಗಕ್ಕೆ ಬಂದದ್ದೇನು? ಗೋಡೆಯ ಚಾರ್ಟು, ಕಂಪ್ಯೂಟರಿನ ಚಿತ್ರ. 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದು ಥಿಯರಿಗೆ 60, ಆಂತರಿಕಕ್ಕೆ 40 ಅಂಕ ಅಂದರು. 2024ರಲ್ಲಿ ರಾಜ್ಯ ಸರ್ಕಾರ ಅದನ್ನು 80–20 ಮಾಡಿತು. ಅಂಕಗಳು ಈ ತಟ್ಟೆಯಿಂದ ಆ ತಟ್ಟೆಗೆ ಹೋದವು. ಕೇಳುವ ಪ್ರಶ್ನೆ ಬದಲಾಯಿತೇ?

ದುಡ್ಡು ಬೇಡದ ದಾರಿಯೊಂದಿದೆ. ಆಂತರಿಕ ಅಂಕದಲ್ಲಿ ಅರ್ಧವನ್ನು ಹೊರಗಿನ ನೋಟಕ್ಕೆ ಕೊಡಿ. ತುಂಗಾ ದಂಡೆ ಇದೆ, ಮಂಡಗದ್ದೆಯ ಪಕ್ಷಿಗಳಿವೆ, ಮನೆ ಹಿಂದಿನ ಅಡಿಕೆ ತೋಟವಿದೆ. ಸೆಮಿಸ್ಟರ್ ಪೂರ್ತಿ ಕಂಡದ್ದನ್ನು ತಾರೀಖು ಹಾಕಿ ಬರೆಯಲಿ. ವೈವಾದಲ್ಲಿ ಪರೀಕ್ಷಕರು ಆ ಪುಸ್ತಕ ತೆರೆದು, 'ಇದು ಇಂಥದ್ದೇ ಅಂತ ಹೇಗೆ ಹೇಳ್ತೀಯಪ್ಪಾ?' ಅಂತ ಒಂದೇ ಪ್ರಶ್ನೆ ಕೇಳಲಿ. ಕಾಪಿ ಹೊಡೆದವನು ಅಲ್ಲೇ ಸಿಕ್ಕಿಬೀಳುತ್ತಾನೆ.

ಗಂಟೆ ಲೆಕ್ಕದಲ್ಲಿ ದುಡಿಯುವ ಅತಿಥಿ ಉಪನ್ಯಾಸಕರಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ಮಾತು ಬರುತ್ತದೆ. ನಿಜ. ಹಾಗಾದರೆ ಈ ಕೆಲಸವನ್ನೂ ಅವರ ಗಂಟೆಗೆ ಸೇರಿಸಿ, ಸಂಬಳ ಕೊಡಿ. ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯವರು ಮುಂದಿನ ಸಭೆಯಲ್ಲೇ ಇದನ್ನು ಚರ್ಚೆಗೆ ತೆಗೆದುಕೊಳ್ಳಲಿ.