ಕೈತಪ್ಪಿದ ಚೆಂಡು

ಭಯವೆಂದೊಡನೆ ನಮಗೆ ನೆನಪಾಗುವುದು ಕತ್ತಲೆ, ಸ್ಮಶಾನ, ಪಾಳುಬಿದ್ದ ಬಂಗಲೆ. ಹಾಡುಹಗಲಿನಲ್ಲಿ, ಮಕ್ಕಳು ಆಡುತ್ತಿರುವ ಬೀದಿಯಲ್ಲಿ ನಿಂತು ಮೈ ನಡುಗುವುದುಂಟೆ? ಉಂಟೆಂದು ತೋರಿಸಿಕೊಟ್ಟವರು ಅಮೆರಿಕದ ಲೇಖಕಿ ಮ್ಯಾಡಲೀನ್ ಲೆಂಗಲ್. ಅವರ ‘ಎ ರಿಂಕಲ್ ಇನ್ ಟೈಮ್’ ಕಾದಂಬರಿಯನ್ನು ಅನೇಕ ಪ್ರಕಾಶಕರು ಬೇಡವೆಂದು ಹಿಂದಿರುಗಿಸಿದ್ದರು. ಕೊನೆಗೆ 1962ರಲ್ಲಿ ಅದು ಅಚ್ಚಾಯಿತು. ಮರುವರ್ಷವೇ ಅಲ್ಲಿನ ಮಕ್ಕಳ ಸಾಹಿತ್ಯದ ಹಿರಿಯ ಗೌರವವಾದ ನ್ಯೂಬೆರಿ ಪದಕವನ್ನು ಪಡೆಯಿತು.

ಕಾಣೆಯಾದ ವಿಜ್ಞಾನಿ ತಂದೆಯನ್ನರಸಿ ಮೆಗ್ ಎಂಬ ಹುಡುಗಿ ಹೊರಡುತ್ತಾಳೆ. ಜೊತೆಗೆ ಐದು ವರ್ಷದ ತಮ್ಮ ಚಾರ್ಲ್ಸ್ ವಾಲೇಸ್, ಗೆಳೆಯ ಕ್ಯಾಲ್ವಿನ್. ಬಟ್ಟೆಯ ಎರಡಂಚುಗಳನ್ನು ಕೂಡಿಸಿ ಹಿಡಿದರೆ ಇರುವೆ ಕ್ಷಣಮಾತ್ರದಲ್ಲಿ ಆಚೆಗೆ ದಾಟುವಂತೆ, ದೇಶಕಾಲಗಳ ಮಡಿಕೆಯಲ್ಲಿ ದಾಟಿ ಅವರು ಕಮಜಾಟ್ಸ್ ಎಂಬ ಗ್ರಹವನ್ನು ಸೇರುತ್ತಾರೆ.

ಅಲ್ಲೊಂದು ಊರು. ಮನೆಗಳೆಲ್ಲ ಒಂದೇ ಅಳತೆಯವು, ಒಂದೇ ಬೂದುಬಣ್ಣದವು. ಪ್ರತಿ ಮನೆಯ ಮುಂದೆಯೂ ಮಕ್ಕಳು ಚೆಂಡು ಪುಟಿಸುತ್ತಿದ್ದಾರೆ, ಹಗ್ಗದಾಟ ಆಡುತ್ತಿದ್ದಾರೆ. ಆದರೆ ಎಲ್ಲ ಚೆಂಡುಗಳೂ ಏಕಕಾಲಕ್ಕೆ ನೆಲ ಮುಟ್ಟುತ್ತವೆ! ಬಾಗಿಲುಗಳು ಒಟ್ಟಿಗೆ ತೆರೆಯುತ್ತವೆ, ತಾಯಂದಿರು ಒಟ್ಟಿಗೆ ಕರೆಯುತ್ತಾರೆ. ಒಬ್ಬ ಹುಡುಗನ ಚೆಂಡು ಮಾತ್ರ ತಾಳತಪ್ಪಿ ಬೀದಿಗೆ ಉರುಳುತ್ತದೆ. ಅವನ ತಾಯಿ ಬಿಳಿಚಿಕೊಂಡು ಓಡಿಬಂದು ಮಗನನ್ನು ಒಳಗೆಳೆದುಕೊಳ್ಳುತ್ತಾಳೆ. ಚೆಂಡನ್ನು ಹಿಂದಿರುಗಿಸಲು ಹೋದರೆ, ನಮ್ಮ ಮಕ್ಕಳು ಚೆಂಡು ಬೀಳಿಸುವವರೇ ಅಲ್ಲವೆಂದು ಸಾಧಿಸುತ್ತಾಳೆ.

ಈ ಊರನ್ನಾಳುವುದು ದೇಹವಿಲ್ಲದ ಒಂದು ಮಿದುಳು. ಅದರ ದೂತನೊಬ್ಬ ಒಂದೇ ರಾಗದಲ್ಲಿ ಮಗ್ಗಿ ಹೇಳುತ್ತ ಮಕ್ಕಳ ಮನಸ್ಸನ್ನು ವಶಮಾಡಿಕೊಳ್ಳಲು ನೋಡುತ್ತಾನೆ. ಎಲ್ಲರೂ ಒಂದೇ ಆದರೆ ದುಃಖವೇ ಇಲ್ಲವೆಂಬುದು ಅಲ್ಲಿನ ಬೋಧೆ. ಎಲ್ಲರೂ ಸಮಾನರಾಗುವುದು ಬೇರೆ, ಎಲ್ಲರೂ ಒಂದೇ ಅಚ್ಚಿನವರಾಗುವುದು ಬೇರೆ ಎಂಬ ಅರಿವು ಮೆಗ್‌ಗೆ ಮೂಡುವುದು ಅಲ್ಲಿಯೇ. ಅವಳೇನೂ ಆದರ್ಶ ಬಾಲಕಿಯಲ್ಲ. ಕೋಪಿಷ್ಠೆ, ಹಟಮಾರಿ, ಶಾಲೆಯಲ್ಲಿ ಉಪಾಧ್ಯಾಯರಿಗೆ ತಲೆನೋವು. ಆ ದೋಷಗಳೇ ಅಲ್ಲಿ ಅವಳ ನೆರವಿಗೆ ಬರುತ್ತವೆ. ಆದರೂ ಮಿದುಳಿಗೆ ವಶನಾದ ತಮ್ಮನನ್ನು ಕಡೆಗೆ ಬಿಡಿಸಿಕೊಳ್ಳುವುದು ಅವನ ಮೇಲಣ ಅವಳ ಪ್ರೀತಿಯೊಂದೇ.

ಪುಸ್ತಕವನ್ನು ಮುಚ್ಚಿಟ್ಟ ಮೇಲೂ ನನ್ನನ್ನು ಕಾಡಿದ್ದು ಆ ಮಿದುಳಲ್ಲ, ಆ ತಾಯಿ. ಅವಳು ಕ್ರೂರಿಯಲ್ಲ, ಮಗನಿಗೆ ಕೇಡಾದೀತೆಂದು ಹೆದರಿದವಳು. ಆ ಹೆದರಿಕೆಯಿಂದ ಮಗುವಿಗೆ ರಕ್ಷಣೆಯಾದರೂ ದೊರೆಯಿತೆ? ಅದೂ ಇಲ್ಲ. ಮುಂದೆ ಅದೇ ಹುಡುಗ ಒಂದು ಕೋಣೆಯಲ್ಲಿ ತಾಳಕ್ಕೆ ಸರಿಯಾಗಿ ಚೆಂಡು ಪುಟಿಸುತ್ತಿರುತ್ತಾನೆ. ಚೆಂಡು ನೆಲ ಮುಟ್ಟಿದಾಗಲೆಲ್ಲ ನೋವಿನಿಂದ ಚೀರುತ್ತಾನೆ.

“ಪಕ್ಕದ ಮನೆಯ ಹುಡುಗನನ್ನು ನೋಡಿ ಕಲಿ” ಎಂದು ಗದರಿಸದ ತಂದೆತಾಯಿಗಳು ನಮ್ಮಲ್ಲೆಷ್ಟು ಮಂದಿ? ನಾನಂತೂ ಗದರಿಸಿದ್ದೇನೆ. ಈ ಪುಸ್ತಕವನ್ನು ಮಕ್ಕಳ ಕೈಗೆ ಕೊಡಿ. ಆದರೆ ಅದಕ್ಕೆ ಮೊದಲು ನೀವೊಮ್ಮೆ ಓದಿ.