ಹಳೆಯ ಪಬ್‌ಜಿ ಎಪಿಕೆ ಹಾಕಿಕೊಂಡರೆ ಗೇಮ್ ಮತ್ತೆ ಶುರುವಾಗುತ್ತಾ?

"ಬ್ಯಾನ್‌ಗೂ ಮುಂಚಿನ ಪಬ್‌ಜಿ ಇಲ್ಲಿದೆ, ಹಳೆಯ ಐಡಿಯಲ್ಲೇ ಆಡಿ" ಎನ್ನುವ ಲಿಂಕ್ ನಿಮಗೂ ಬಂದಿರಬಹುದು. ನಂಬಬೇಡಿ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಆದರೂ ಮೊದಲೇ ಇನ್‌ಸ್ಟಾಲ್ ಮಾಡಿಕೊಂಡಿದ್ದವರು ಸುಮಾರು ಎರಡು ತಿಂಗಳು ಆಡುತ್ತಲೇ ಇದ್ದರು. ಅಕ್ಟೋಬರ್ 30ಕ್ಕೆ ಟೆನ್ಸೆಂಟ್ ಭಾರತದಲ್ಲಿ ಸೇವೆ ನಿಲ್ಲಿಸಿತು. ಫೋನಿನಲ್ಲಿದ್ದ ಅದೇ ಆ್ಯಪ್ ಕೆಲಸಕ್ಕೆ ಬಾರದಾಯಿತು. ಐಡಿ ಪರಿಶೀಲಿಸುವುದು, ಕುಂಚಾವರಂನ ಹುಡುಗನಿಗೂ ಹೈದರಾಬಾದಿನ ಎದುರಾಳಿಗೂ ಪಂದ್ಯ ಕೂಡಿಸುವುದು, ಅಂಕದ ಲೆಕ್ಕ ಇಡುವುದು ಎಲ್ಲವೂ ಕಂಪನಿಯ ಸರ್ವರ್. ಎಪಿಕೆ ಎಷ್ಟು ಬೇಕಾದರೂ ನಕಲಾಗಲಿ, ಸರ್ವರ್ ಇರುವುದು ಅವರ ಕೈಯಲ್ಲಿ.

ದುಡ್ಡು ಕೊಟ್ಟು ಕೊಂಡರೂ ಇದೇ ಗತಿ. ಯೂಬಿಸಾಫ್ಟ್‌ನ 'ದಿ ಕ್ರೂ' ಗೇಮಿಗೆ ಒಬ್ಬರೇ ಆಡುವಾಗಲೂ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಅದು ನಿಂತಾಗ ಡಿಸ್ಕ್ ಇದ್ದವರೂ ಆಡಲಾಗಲಿಲ್ಲ.

ಅಂಥ ಲಿಂಕ್ ಐಡಿ, ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ.